ನಕ್ಷೆಯೊಳಗಿನ ಹನ್ನೊಂದು ಅಡಿ

ಗದಗ-ಬೆಟಗೇರಿ
13 ಅಕ್ಟೋಬರ್ 2025, ಸೋಮವಾರ

ಪ್ರೀತಿಯ ತಮ್ಮ ಖಲೀಲನಿಗೆ,

ನಿನ್ನ ಅಕ್ಕ ಗುಲ್ನಾಜಳ ಸಲಾಮು. ಮೈಯಲ್ಲಿ ಹುಷಾರಿದ್ದೀಯಾ? ಜೈಸಲ್ಮೇರದ ಕಡೆ ಈಗ ಹಗಲಿನ ಉರಿ ಇಳಿದು ಬೆಳಗಿನ ಹೊತ್ತು ಚಳಿ ಶುರುವಾಗಿರುತ್ತದೆ ಎಂದು ಅವ್ವ ತಾನೇ ಹೋಗಿ ನೋಡಿ ಬಂದವಳ ಹಾಗೆ ಹೇಳುತ್ತಾಳೆ. ಗಾಳಿಯಂತ್ರದ ಕಂಬ ಹತ್ತಿ ಇಳಿದು ನಿನ್ನ ಎಡಗಾಲಿನ ಮೊಣಕಾಲು ಏನಾಗಿದೆಯೋ ತಿಳಿಯದು. ಕಪ್ಪತಗುಡ್ಡದಲ್ಲಿ ಕೆಲಸ ಕಲಿಯುವಾಗಲೇ ಅದು ನೋಯುತ್ತಿತ್ತು. ಔಷಧ ಹಚ್ಚಿಕೋ, ಹೊಟ್ಟೆ ತುಂಬ ಉಣ್ಣು. ಹೋದ ಸಲ ಕಳಿಸಿದ ಶೇಂಗಾ ಹಿಂಡಿ ಮುಗಿದಿದ್ದರೆ ಯಾರ ಮುಂದಾದರೂ ಹೇಳು, ನನ್ನ ಮುಂದೆ ಹೇಳಲು ಮನಸ್ಸಿಲ್ಲದಿದ್ದರೆ ಅವ್ವನ ಮುಂದೆ ಹೇಳು. ಅಪ್ಪನ ಉಸಿರು ಈ ತಿಂಗಳು ಪರವಾಗಿಲ್ಲ. ನಲವತ್ತು ವರ್ಷ ಅರಳೆ ಹಿಂಜಿ ಗಾದಿ ಹೊಲಿದ ಎದೆ ಅದು, ಒಳಗೆ ಎಷ್ಟು ಹತ್ತಿ ಕೂತಿದೆಯೋ ಎಂದು ಡಾಕ್ಟರೇ ನಗುತ್ತಾರೆ. ಬಾಯಿಗೆ ಹಿಡಿಯುವ ಪಂಪನ್ನು ದಿನಕ್ಕೆ ಎರಡು ಸಲ ಮರೆಯದೆ ಎಳೆಯುತ್ತಾನೆ. ಅವ್ವನಿಗೆ ನಿನ್ನ ಮದುವೆಯ ಚಿಂತೆಯೊಂದು ಬಿಟ್ಟರೆ ಬೇರೆ ರೋಗವಿಲ್ಲ.

ನೀನು ನನ್ನ ಫೋನು ಎತ್ತದೆ ಇವತ್ತಿಗೆ ಮೂವತ್ತಾರು ದಿನ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದಕ್ಕೆ ಒಂದು ಗುಣವಿದೆ, ನಡುವೆ ಬಾಯಿ ಹಾಕಲು ಬರುವುದಿಲ್ಲ, ಕಟ್ ಮಾಡಲೂ ಬರುವುದಿಲ್ಲ. ಹರಿದು ಹಾಕಬಹುದು. ಆದರೆ ನೀನು ಕನ್ನಡ ಶಾಲೆಯಲ್ಲಿ ಅಂಬುಬಾಯಿ ಅಕ್ಕೋರ ಕೈಯಲ್ಲಿ ಕಲಿತವನು, ಅಕ್ಷರ ಹರಿಯುವವನಲ್ಲ ಎಂಬ ಧೈರ್ಯ ನನಗಿದೆ.

ನೀನು ನೋಡಿದ್ದು ನಲವತ್ತು ಸೆಕೆಂಡಿನ ವಿಡಿಯೋ. ಅದನ್ನು ನಿನಗೆ ಕಳಿಸಿದವನು ಹೇಮಪ್ಪ ಸಾವಕಾರನ ಮನುಷ್ಯ, ನಮ್ಮ ಮನೆಯವರಲ್ಲ. ಅದರಲ್ಲಿ ನಿನ್ನ ಅಕ್ಕ ತಲೆಗೆ ಸೆರಗು ಬಿಗಿದು, ಹಾರಿಯಿಂದ ನಿನ್ನ ಖೋಲಿಯ ಗೋಡೆಗೆ ಹೊಡೆಯುತ್ತಾಳೆ, ಇಟ್ಟಿಗೆ ಬೀಳುತ್ತವೆ, ಅವಳು ನಗುತ್ತಾಳೆ. ನಗಲಿಲ್ಲ ಖಲೀಲಾ. ಕಣ್ಣಿಗೆ ಸಿಮೆಂಟಿನ ಧೂಳು ಬಿದ್ದು ಮುಖ ಹಾಗಾಗಿತ್ತು. ಅಂದು ಸಂಜೆ ನೀನು ಫೋನು ಮಾಡಿ ಒಂದೇ ಮಾತು ಕೇಳಿದೆ: "ನನ್ನ ಮನಿ ಒಡ್ಯಾಕ ನೀ ಯಾರು?" ಉತ್ತರ ಕೇಳುವ ಮೊದಲೇ ಇಟ್ಟುಬಿಟ್ಟೆ. ಆ ನಲವತ್ತು ಸೆಕೆಂಡಿನ ಹಿಂದೆ ಮುಂದೆ ಏನಾಯಿತೆಂಬುದನ್ನು ಈಗ ಪೂರ್ತಿ ಹೇಳುತ್ತೇನೆ. ಬೈಯುವುದಾದರೆ ಕಡೆಯ ಸಾಲಿನವರೆಗೂ ಓದಿ ಆಮೇಲೆ ಬೈಯಿ.

ನಮ್ಮ ಪ್ರೆಸ್ಸಿಗೆ ದಿನಾ ಸಂಜೆ ಊರಿನ ಪತ್ರಿಕೆಯೊಂದರ ಪುಟಗಳು ಬರುತ್ತವಲ್ಲ, ಅದರ ಜಾಹೀರಾತು, ಪ್ರಕಟಣೆ ಎಲ್ಲ ಟೈಪ್ ಮಾಡುವವಳು ನಾನೇ. ಆಗಸ್ಟ್ ಹದಿನೆಂಟರಂದು ನಗರ ಯೋಜನೆ ಕಚೇರಿಯ ಪ್ರಕಟಣೆಯೊಂದು ಬಂತು. ಅಂಥವು ವಾರಕ್ಕೆ ನಾಲ್ಕು ಬರುತ್ತವೆ, ಬೆರಳು ಟೈಪ್ ಮಾಡುತ್ತವೆ, ತಲೆ ಬೇರೆ ಕಡೆ ಇರುತ್ತದೆ. ಆ ದಿನ ಬೆರಳುಗಳೇ ನಿಂತವು. ಸರ್ವೆ ನಂಬರು ನಮ್ಮ ಪ್ಲಾಟಿನದು. ಮುಳಗುಂದ ರಸ್ತೆಯ ಆಚೆ ಹೇಮಪ್ಪ ಸಾವಕಾರ ಎರೆಹೊಲ ಕೊಂಡು ಬಡಾವಣೆ ಮಾಡಿದಾಗ ಉದ್ಯಾನವನಕ್ಕೆಂದು ಬಿಟ್ಟ ಇಪ್ಪತ್ತೆರಡು ಗುಂಟೆಯನ್ನು ವಾಣಿಜ್ಯ ಬಳಕೆಗೆ ಬದಲಾಯಿಸಿ ಕೊಡಬೇಕೆಂದು ಅವನೇ ಅರ್ಜಿ ಹಾಕಿದ್ದ. ಆಸಕ್ತ ಸಾರ್ವಜನಿಕರ ತಕರಾರು ಏನಾದರೂ ಇದ್ದರೆ ಹದಿನೈದು ದಿನದೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ಅಷ್ಟನ್ನೂ ನಾನೇ ಟೈಪ್ ಮಾಡಿದೆ, ಕಾಗುಣಿತ ತಿದ್ದಿದೆ, ಸುತ್ತ ಗೆರೆ ಹಾಕಿದೆ, ಏಳನೇ ಪುಟದ ಮೂಲೆಯಲ್ಲಿ ಕೂರಿಸಿದೆ. ಅಲ್ಲಿ ಕೂರಿಸಿದ್ದನ್ನು ಯಾರೂ ಓದುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಮ್ಮ ಹಿತ್ತಲ ಹಿಂದಿನ ಆ ಮೈದಾನವನ್ನು ನಾವು ಯಾವತ್ತೂ ಉದ್ಯಾನವನ ಎಂದವರಲ್ಲ, ಹೂವಿನ ಗಿಡವೊಂದು ಅಲ್ಲಿ ಬೆಳೆದಿಲ್ಲ. ಜಾಲಿ, ಕರಕಿ, ಪಕ್ಕದ ಮನೆಯ ಬೀರವ್ವನ ಎಮ್ಮೆ, ಅಷ್ಟೇ. ಅಲ್ಲಿ ಸಾವಕಾರ ಮಂಗಲ ಕಾರ್ಯಾಲಯ ಕಟ್ಟುವುದೆಂದು, ಕಂಪೌಂಡಿಗೆ ಗುರುತುಕಲ್ಲು ನೆಟ್ಟಾಗಿದೆಯೆಂದು ಮರುದಿನ ತಿಳಿಯಿತು.

ಪ್ರೆಸ್ಸಿನಿಂದ ಮನೆಗೆ ಬರದೆ ನೇರ ಅಂಬುಬಾಯಿ ಅಕ್ಕೋರ ಮನೆಗೆ ಹೋದೆ. ನಿವೃತ್ತರಾಗಿ ಹನ್ನೆರಡು ವರ್ಷವಾದರೂ ಅವರ ಮುಂದೆ ನಿಂತರೆ ಕೈ ತಾನೇ ಹಿಂದೆ ಹೋಗುತ್ತದೆ. ಅವರು ಬಡಾವಣೆಯ ಮಂಜೂರಾದ ನಕ್ಷೆಯನ್ನು ಮಾಹಿತಿ ಹಕ್ಕಿನಲ್ಲಿ ಎರಡು ವರ್ಷದ ಹಿಂದೆಯೇ ತರಿಸಿ, ಮಡಚಿ, ದೇವರ ಪಂಚಾಂಗದ ಜೊತೆ ಇಟ್ಟಿದ್ದರಂತೆ. ಯಾರೂ ಕೇಳಲು ಬರಲಿಲ್ಲವೆಂದು ಸುಮ್ಮನಿದ್ದರು. ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ಚಹಾದ ನಾಲ್ಕು ವಾಟೆ ಇಟ್ಟು, "ನಕ್ಷಾದಾಗ ಏನದ ಅದನ್ನ ಓದು ಗುಲ್ನಾಜ. ಊಹಾ ಮಾಡಬ್ಯಾಡ" ಎಂದರು. ಓದಿದೆ. ಹಸಿರು ಗೆರೆ ಎಳೆದ ಇಪ್ಪತ್ತೆರಡು ಗುಂಟೆ. ಅದರ ಪಕ್ಕಕ್ಕೆ ಒಂಬತ್ತು ಮೀಟರಿನ ರಸ್ತೆ, ನಮ್ಮ ಕೆಳಗಿನ ಓಣಿಯ ಬಾಯಿಯವರೆಗೆ. ಆ ರಸ್ತೆ ನೆಲದ ಮೇಲೆ ಎಲ್ಲಿಯೂ ಇಲ್ಲ, ಸಾವಕಾರನ ಗುರುತುಕಲ್ಲುಗಳ ಒಳಗೆ ಹೋಗಿದೆ. ಅವನ ಕಂಪೌಂಡು ಎದ್ದರೆ ನಲವತ್ತು ಮನೆಗೆ ಉಳಿಯುವುದು ಎರಡು ಮೊಳದ ಸಂದಿ. ಮತ್ತೂ ಒಂದು ಗೆರೆ ಇತ್ತು. ನಮ್ಮ ಪ್ಲಾಟಿನ ಹಿಂದಿನ ಗಡಿ. ನಾನೇ ಸ್ಕೇಲಿಟ್ಟು ಅಳೆದೆ. ನಿನ್ನ ಖೋಲಿಯ ಹನ್ನೊಂದು ಅಡಿ ಆ ಗೆರೆಯ ಆಚೆ, ಹಸಿರಿನೊಳಗೆ ಇತ್ತು.

ಆ ಖೋಲಿ ಹೇಗೆ ಎದ್ದಿತೆಂದು ನಿನಗೂ ನೆನಪಿದೆ. ನಾಲ್ಕು ವರ್ಷದ ಹಿಂದೆ ನೀನು ರಜೆಯಲ್ಲಿ ಬಂದಿದ್ದೆ, ಹಿತ್ತಲಲ್ಲಿ ದಾರ ಹಿಡಿದು ಪಾಯ ಗುರುತು ಹಾಕುತ್ತಿದ್ದೆ. ಖೋಲಿ ಸಣ್ಣದಾಗುತ್ತದೆಂದು ಗೌಂಡಿ ಅಂದ. ಅದೇ ಹೊತ್ತಿಗೆ ಹೇಮಪ್ಪ ಸಾವಕಾರ ಅಲ್ಲಿ ಹಾದು ಬಂದು, "ಹಿಂದ ಬಯಲ ಬಿದ್ದೈತಲ್ಲೋ ತಮ್ಮಾ, ಹತ್ತು ಫೂಟು ಸರಸ್ಕೋ. ನಾ ಏನ್ ಅನ್ನಂಗಿಲ್ಲ" ಎಂದ. ಎಷ್ಟು ದೊಡ್ಡ ಮನಸ್ಸು ಎಂದು ಅವ್ವ ಅವನಿಗೆ ಮಾದಲಿ ಕಟ್ಟಿ ಕಳಿಸಿದಳು. ಅದೇ ದೊಡ್ಡ ಮನಸ್ಸನ್ನು ಅವನು ಮೈದಾನಕ್ಕೆ ಬೆನ್ನು ಹಚ್ಚಿದ ಐದೂ ಮನೆಗೆ ತೋರಿಸಿದ್ದಾನೆ. ಬೀರವ್ವನಿಗೆ ಎಮ್ಮೆಯ ಚಪ್ಪರ, ಒಬ್ಬರಿಗೆ ಬಚ್ಚಲು, ಇನ್ನೊಬ್ಬರಿಗೆ ಕಟ್ಟಿಗೆಯ ಕೊಟ್ಟಿಗೆ. ಆವತ್ತು ಅದು ಉಪಕಾರವಾಗಿ ಕಂಡಿತು. ನಕ್ಷೆಯ ಮುಂದೆ ಕೂತಾಗ ತಿಳಿಯಿತು, ಐದು ಬಾಯಿಗೆ ಅವನು ನಾಲ್ಕು ವರ್ಷ ಮೊದಲೇ ಬೀಗ ಹಾಕಿದ್ದ. ತಕರಾರು ಹೇಳಬೇಕಾದವರೆಲ್ಲರೂ ತಪ್ಪು ಮಾಡಿದವರೇ ಆಗಿರುವ ಹಾಗೆ ನೋಡಿಕೊಂಡಿದ್ದ. ಅದು ನಮ್ಮ ಜಾಗವಲ್ಲವೆಂದು ನಿನಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಸುಳ್ಳು ಹೇಳುವುದು ಬೇಡ.

ಸುಮ್ಮನಿರಬಹುದಿತ್ತು. ಮೊದಲ ಎರಡು ದಿನ ಸುಮ್ಮನಿದ್ದೆ ಕೂಡ. ಆದರೆ ಹೋದ ವರ್ಷ ಶ್ರಾವಣದ ಮಧ್ಯಾಹ್ನವೊಂದು ತಲೆಯಿಂದ ಹೋಗಲಿಲ್ಲ. ನಿನಗೆ ಆಗ ಪೂರ್ತಿ ಹೇಳಿರಲಿಲ್ಲ, ದೂರದಲ್ಲಿದ್ದವನಿಗೆ ಯಾಕೆ ಸಂಕಟ ಎಂದು. ಅಪ್ಪ ಗಾದಿಗೆ ಟಾಕಿ ಹಾಕುತ್ತಿದ್ದವನು ಸೂಜಿ ಕೈಯಲ್ಲೇ ಹಿಡಿದು ಹಿಂದಕ್ಕೆ ಒರಗಿದ. ತುಟಿ ನೀಲಿಯಾಗಿತ್ತು. ಆಂಬುಲೆನ್ಸಿನವನು ಮುಂದಿನ ಸಂದಿಯಲ್ಲಿ ಸಿಕ್ಕಿಕೊಂಡು, ಹಿಂದೆ ಬಂದು, ಆ ಮೈದಾನದ ಕೆಸರಿನಲ್ಲೇ ಗಾಡಿ ಹೊಡೆದು ನಮ್ಮ ಹಿತ್ತಲ ತನಕ ತಂದ. ಬೀರವ್ವ ಗಾಲಿಗೆ ತನ್ನ ಕೌದಿ ಹಾಸಿದಳು. ದವಾಖಾನೆಯಲ್ಲಿ ಡಾಕ್ಟರು, ಇನ್ನು ಕಾಲು ತಾಸು ತಡವಾಗಿದ್ದರೆ ಮಾತಾಡಲು ಏನೂ ಉಳಿಯುತ್ತಿರಲಿಲ್ಲ ಎಂದರು. ಆ ದಾರಿಗೆ ಅಡ್ಡ ಗೋಡೆ ಏಳುತ್ತದೆ ಎಂದು ನಾನೇ ಟೈಪ್ ಮಾಡಿ, ಗೆರೆ ಹಾಕಿ, ಅಚ್ಚಿಗೆ ಕಳಿಸಿ, ಮನೆಗೆ ಬಂದು ಅಪ್ಪನಿಗೆ ರೊಟ್ಟಿ ಬಡಿದು ಹಾಕಬೇಕಿತ್ತೇ? ಆಗಲಿಲ್ಲ ನನ್ನಿಂದ. ಮೂರನೇ ದಿನ ಅಕ್ಕೋರ ಜಗಲಿಯಲ್ಲಿ ಕೂತು ತಕರಾರು ಅರ್ಜಿ ಬರೆದೆ.

ಸುದ್ದಿ ಹಬ್ಬಲು ಅರ್ಧ ದಿನ ಸಾಕಾಯಿತು. ಹೇಮಪ್ಪ ಸಾವಕಾರ ತಾನೇ ನಮ್ಮ ಮನೆಗೆ ಬಂದ, ಅಪ್ಪನನ್ನು ಮಾತಾಡಿಸಿದ, ಖುರ್ಚಿ ಎಳೆದುಕೊಂಡು ಕೂತ. ಚಹಾ ಕೊಟ್ಟೆ. ಅವನು ದನಿ ಏರಿಸುವವನಲ್ಲ, ನಿನಗೆ ಗೊತ್ತು. "ತಕರಾರು ಕೊಡಾಕ ಹೊಂಟೀಯಂತ ತಂಗಿ. ಕೊಡು, ಬ್ಯಾಡ ಅನ್ನಂಗಿಲ್ಲ. ಆದ್ರ ನಕ್ಷಾ ಬಿಚ್ಚಿದ್ರ ಮೊದಲ ಯಾರ ಗ್ವಾಡಿ ಬೀಳತೈತಿ, ಅದನ್ನ ಮನಿಯಾಗ ಕುಂತು ವಿಚಾರ ಮಾಡು" ಎಂದ. ನಾನು, "ನಮ್ದಽ ಬೀಳತೈತಿ. ಗೊತ್ತೈತ್ರಿ" ಎಂದೆ. ಅವನಿಗೆ ಆ ಉತ್ತರ ಬೇಕಿರಲಿಲ್ಲ. "ತಮ್ಮನ ಮದುವಿ ಖೋಲಿ ಅದು. ಶಿರಹಟ್ಟಿ ಬೀಗರು ಏನಂದಾರು?" ಎಂದ. "ಅದನ್ನ ಅವರನ್ನಽ ಕೇಳ್ತೀವ್ರಿ. ನೀವು ಚಾ ಕುಡೀರಿ, ಆರತೈತಿ" ಎಂದೆ. ಕುಡಿಯಲಿಲ್ಲ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, ಗಂಡನ ಮನೆ ಬಿಟ್ಟು ಬಂದವಳಿಗೆ ತವರಿನ ಗೋಡೆಯ ಬೆಲೆ ಏನು ಗೊತ್ತಾಗಬೇಕು ಎಂದು ಅಪ್ಪನಿಗೆ ಕೇಳುವ ಹಾಗೆ ಅಂದ. ಲಕ್ಷ್ಮೇಶ್ವರದಿಂದ ನಾನು ತಿರುಗಿ ಬಂದು ಆರು ವರ್ಷ. ಆ ಮಾತನ್ನು ಹಿಂದಿನಿಂದ ಎಷ್ಟೋ ಜನ ಆಡಿದ್ದಾರೆ, ಎದುರಿಗೆ ಆಡಿದವನು ಅವನೇ ಮೊದಲು. ನಿಜ ಹೇಳಲೇ? ಆ ಮಾತಿನಿಂದ ನನಗೆ ಇದ್ದ ಸ್ವಲ್ಪ ಅಂಜಿಕೆಯೂ ಹೋಯಿತು.

ಅವ್ವ ಮಾತ್ರ ಅತ್ತಳು. "ನನ್ನ ಸೊಸಿ ಎಲ್ಲಿ ಮಲಗಬೇಕು? ಅರಳಿ ಚೀಲದ ಮ್ಯಾಲೇನು?" ಎಂದು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮಾತು ಬಿಟ್ಟರೂ ಬುತ್ತಿ ಕಟ್ಟುವುದು ಬಿಡಲಿಲ್ಲ, ಅದು ಬೇರೆ. ಅಪ್ಪ ಒಂದು ಸಂಜೆ ಹಿತ್ತಲಿಗೆ ಹೋಗಿ, ಖೋಲಿಯ ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಟ್ಟು ಅಳೆದ. ಬಂದು ನನ್ನ ಎದುರು ಕೂತ. "ಅಲ್ಲಿಂದ ಅತ್ತಲಾಕಡೆ ನಮ್ಮದಲ್ಲೇನು?" ಎಂದು ಕೇಳಿದ. ಅಲ್ಲ ಎಂದೆ. "ಖಾತ್ರಿ ಐತಿ?" ಖಾತ್ರಿ ಇದೆ ಎಂದೆ. ಪಂಪನ್ನು ಒಮ್ಮೆ ಎಳೆದು, "ಹಂಗಾರ ಮೊದಲ ಬಾಗಲಾ ಬಿಚ್ಚಸ್ರಿ. ಸಾಗವಾನಿ ಐತಿ, ಹಾರಿ ತಾಗಿದ್ರ ಸೀಳತೈತಿ" ಎಂದ. ಅಷ್ಟೇ. ಅವನ ಒಪ್ಪಿಗೆ ಅಷ್ಟೇ ಉದ್ದದ್ದು.

ನಿನ್ನನ್ನು ಯಾಕೆ ಕೇಳಲಿಲ್ಲ? ಈ ಪ್ರಶ್ನೆಯಿಂದ ತಪ್ಪಿಸಿಕೊಂಡು ಹೋಗುವುದಿಲ್ಲ. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ, ಬೇಡ ಅಂದ ಮೇಲೆ ನಾನು ಒಡೆಯುವುದು ಇನ್ನೂ ಕಷ್ಟವಾಗುತ್ತಿತ್ತು. ಅದಕ್ಕೇ ಕೇಳಲಿಲ್ಲ. ಕಂಬದ ಮೇಲೆ ಬಿಸಿಲಲ್ಲಿ ನೇತಾಡಿ ದುಡಿದು ಕಟ್ಟಿಸಿದ ಖೋಲಿ ನಿನ್ನದು. ಅದು ಬೀಳುವುದನ್ನು ನೀನು ಮೊದಲು ಅಕ್ಕನ ಬಾಯಿಂದ ಕೇಳಬೇಕಿತ್ತು, ಪರರು ಕಳಿಸಿದ ವಿಡಿಯೋದಲ್ಲಿ ನೋಡಬಾರದಿತ್ತು. ಅಷ್ಟು ನನ್ನ ತಪ್ಪು. ಅದಕ್ಕೆ ಮಾಫಿ ಕೇಳುತ್ತೇನೆ, ತಲೆ ತಗ್ಗಿಸಿ ಕೇಳುತ್ತೇನೆ. ಒಡೆದದ್ದಕ್ಕೆ ಕೇಳುವುದಿಲ್ಲ.

ಅರ್ಜಿ ಕಚೇರಿಗೆ ಕೊಟ್ಟ ಮೇಲೆ, ವಿಚಾರಣೆ ಸೆಪ್ಟೆಂಬರ್ ಹತ್ತಕ್ಕೆ ಎಂದು ಪತ್ರ ಬಂತು. ಅದಕ್ಕೂ ಮೊದಲು ಓಣಿಯ ಸಹಿ ಬೇಕಿತ್ತು. ಮನೆಮನೆಗೆ ಹೋದರೆ ಎಲ್ಲರೂ ಒಂದೇ ರೀತಿ ಒಳಗಿನಿಂದ, "ಮನಿಯವ್ರು ಇಲ್ಲವಾ, ಆಮ್ಯಾಲ ಬಾ" ಅನ್ನುವವರೇ. ನಮ್ಮ ಪ್ರೆಸ್ಸಿನ ಮಾಲಕರನ್ನು ಕೇಳಿ ನಕ್ಷೆಯನ್ನು ಆರಡಿಯ ಫ್ಲೆಕ್ಸಿನ ಮೇಲೆ ಹೊಡೆಸಿದೆ. ಹಸಿರು ಜಾಗ ಹಸಿರಾಗಿ, ಒಂಬತ್ತು ಮೀಟರಿನ ರಸ್ತೆ ಹಳದಿಯಾಗಿ. ನಮ್ಮ ಹನ್ನೊಂದು ಅಡಿಯನ್ನೂ ಕೆಂಪು ಬಣ್ಣದಲ್ಲಿ ತೋರಿಸಿ, ಪಕ್ಕಕ್ಕೆ 'ನದಾಫ ಇವರ ಒತ್ತುವರಿ' ಎಂದು ನಾನೇ ಬರೆದೆ. ಬೇರೆ ನಾಲ್ಕು ಮನೆಯವರ ಹೆಸರು ಬರೆಯಲಿಲ್ಲ, ಅದು ಅವರವರ ಕೆಲಸ. ನಳದ ಎದುರಿನ ಗೋಡೆಗೆ ಕಟ್ಟಿದೆ. ನೀರಿಗೆ ಬಂದವರು ಕೊಡ ಇಟ್ಟು ತಮ್ಮ ತಮ್ಮ ಮನೆ ಹುಡುಕತೊಡಗಿದರು. ಬೀರವ್ವ ಅಲ್ಲೇ ನನ್ನ ಮೇಲೆ ಹರಿಹಾಯ್ದಳು. "ಹುಚ್ಚು ಹಿಡದೈತಿ ನಿನಗ. ನೀ ಒಡಕೊಂಡು ನಮ್ಮದೂ ಒಡಸ್ತೀ. ಎಮ್ಮಿ ಏನ್ ನಿನ್ನ ತಲಿ ಮ್ಯಾಲ ಕಟ್ಲಿ?" ಎಂದಳು. ಎಲ್ಲರೂ ನಕ್ಕರು. ನನಗೂ ನಗು ಬಂತು, ಆದರೆ ಫ್ಲೆಕ್ಸು ಬಿಚ್ಚಲಿಲ್ಲ.

ಸೆಪ್ಟೆಂಬರ್ ಏಳು, ಭಾನುವಾರ, ಗೌಂಡಿ ಬಂದ. ಮೊದಲು ಬಾಗಿಲು, ಚೌಕಟ್ಟು, ಎರಡು ಕಿಟಕಿ ಬಿಚ್ಚಿ ಒಳಗಿಟ್ಟೆವು. ನಿನ್ನ ಪುಸ್ತಕದ ಪೆಟ್ಟಿಗೆ, ಗೋಡೆಯ ಗಡಿಯಾರ, ಸೊಸೆಯಾಗಿ ಬರುವ ಅಮೀರಾಳಿಗೆಂದು ಅವ್ವ ಕೂಡಿಟ್ಟ ಬಟ್ಟೆ ಎಲ್ಲ ಪಡಸಾಲೆಗೆ ಬಂದವು. ಗೌಂಡಿ ಮೊದಲ ಪೆಟ್ಟು ಹಾಕಲು ಅಳುಕಿದ. ಕಟ್ಟಿದವನು ಅವನೇ, ಪಾಪ. ಹಾರಿ ನನ್ನ ಕೈಗೆ ಕೊಟ್ಟು, "ಮನಿಯವರಽ ಒಂದ್ ಪೆಟ್ಟು ಹಾಕ್ರಿ" ಎಂದ. ಹಾಕಿದೆ. ಒಂದಕ್ಕೆ ಬೀಳಲಿಲ್ಲ, ಚೆನ್ನಾಗಿಯೇ ಕಟ್ಟಿಸಿದ್ದೆ ನೀನು. ಆರನೆಯದಕ್ಕೆ ಇಟ್ಟಿಗೆ ಸಡಿಲಾಯಿತು. ಆಗಲೇ ಸಾವಕಾರನ ಮನುಷ್ಯ ಬೇಲಿಯ ಆಚೆ ಮೊಬೈಲು ಹಿಡಿದು ನಿಂತಿದ್ದ. ನಿನಗೆ ಬಂದದ್ದು ಅದು. ಅದರ ನಂತರದ್ದು ಅವನು ಕಳಿಸಲಿಲ್ಲ. ಸಂಜೆ ಐದರ ಹೊತ್ತಿಗೆ ಹನ್ನೊಂದು ಅಡಿಯೂ ನೆಲಕ್ಕೆ ಬಂದಿತ್ತು. ಉಳಿದ ಆರಡಿಯಲ್ಲಿ ಅಪ್ಪನ ಅರಳೆಯ ಚೀಲ ಇಟ್ಟಿದ್ದೇವೆ. ನಾನು ಇಟ್ಟಿಗೆಗಳ ನಡುವೆ ಕೂತು ಅತ್ತೆ ಖಲೀಲಾ. ಧೈರ್ಯಗೇಡಿತನದಿಂದಲ್ಲ. ಕೈಯಲ್ಲಿ ಬೊಬ್ಬೆ ಎದ್ದಿದ್ದವು, ಹಸಿವಾಗಿತ್ತು, ನೀನು ಅಷ್ಟು ಹೊತ್ತಿಗೆ ಫೋನು ಮಾಡಿ ಇಟ್ಟಿದ್ದೆ.

ಮರುದಿನ ಬೆಳಿಗ್ಗೆ ತಗಡಿನ ಸದ್ದಿಗೆ ಎದ್ದು ಹೊರಗೆ ಬಂದರೆ ಬೀರವ್ವ ತನ್ನ ಚಪ್ಪರದ ತಗಡು ಒಂದೊಂದಾಗಿ ಬಿಚ್ಚಿ ಒಗೆಯುತ್ತಿದ್ದಾಳೆ. ಏನೂ ಕೇಳುವ ಮೊದಲೇ, "ನನ್ನ ಎಮ್ಮಿಗೆ ನಕ್ಷಾ ತಿಳಿಯಂಗಿಲ್ಲ, ನನಗ ತಿಳೀತೈತಿ. ಸುಮ್ನ ನೋಡ್ತೀಯೇನು, ಬಾ, ಈ ಕಡಿ ಹಿಡಿ" ಎಂದಳು. ಅವತ್ತು ಸಂಜೆಯೊಳಗೆ ಐದರಲ್ಲಿ ನಾಲ್ಕು ಮನೆಯವರು ನಕ್ಷೆಯ ಗೆರೆಯ ಹಿಂದೆ ಸರಿದರು. ಆಮೇಲೆ ಸಹಿಗೆ ನಾನು ಯಾರ ಬಾಗಿಲಿಗೂ ಹೋಗಬೇಕಾಗಲಿಲ್ಲ, ಪೆನ್ನು ಸಾಲದೆ ಅಕ್ಕೋರ ಮನೆಯಿಂದ ತರಿಸಿದೆವು.

ವಿಚಾರಣೆಯ ದಿನ ಕಚೇರಿಗೆ ಹದಿನೇಳು ಜನ ಹೋದೆವು. ಅಧಿಕಾರಿ ಒಬ್ಬ ಹೆಣ್ಣುಮಗಳು, ಮೈಸೂರು ಕಡೆಯವರಿರಬೇಕು, ಮಾತು ನುಣ್ಣಗೆ. ಸಾವಕಾರನ ವಕೀಲ ಎದ್ದು ನಿಂತು, ಉದ್ಯಾನವನದ ಜಾಗವನ್ನು ಇನ್ನೂ ಯಾರಿಗೂ ಬಿಟ್ಟುಕೊಟ್ಟ ಕಾಗದ ಆಗಿಲ್ಲ, ಅದು ತಮ್ಮ ಕಕ್ಷಿದಾರನ ಹೆಸರಿನಲ್ಲೇ ಇದೆ ಎಂದ. ಆಮೇಲೆ ನನ್ನ ಕಡೆ ಕೈ ಮಾಡಿ, "ತಕರಾರು ಹೇಳಾಕ ಬಂದವ್ರು ಸ್ವತಃ ಒತ್ತುವರಿ ಮಾಡಿದವರು. ಅಲ್ಲದ ಇವರು ಯಾರ್ರಿ? ಆ ಮನಿ ಆಸ್ತಿ ಉತಾರದಾಗ ಇವರ ಹೆಸರಽ ಇಲ್ಲ. ಖಲೀಲ ನಬಿಸಾಬ ನದಾಫ ಅಂತ ಐತಿ" ಎಂದ. ಮೂರು ದಿನದ ಹಿಂದೆ ನೀನು ಕೇಳಿದ್ದೂ ಅದನ್ನೇ. ಅಧಿಕಾರಿ ನನ್ನನ್ನು ನೋಡಿ, "ನೀವು ಆ ಮನೆಯ ಮಾಲೀಕರಾ?" ಎಂದರು. ಆ ಪ್ರಕಟಣೆ ನನ್ನ ಬೆರಳಿಗೆ ಬಾಯಿಪಾಠವಿತ್ತಲ್ಲ. "ಅಲ್ರಿ. ಆ ಮನ್ಯಾಗ ಇರಾಕಿ. ಆದ್ರ ನಿಮ್ಮ ಪ್ರಕಟಣಾ ಟೈಪ್ ಮಾಡಿದಾಕಿ ನಾನಽ ಅದೀನ್ರಿ. ಅದರಾಗ ಆಸಕ್ತ ಸಾರ್ವಜನಿಕರು ಅಂತ ಐತಿ, ಮಾಲಕರು ಅಂತ ಇಲ್ಲ" ಎಂದೆ. ಅವರು ಫೈಲು ತಿರುವಿ ಓದಿದರು. ಮುಖದಲ್ಲಿ ನಗು ಬಂದದ್ದನ್ನು ಕಾಗದದ ಹಿಂದೆ ಮುಚ್ಚಿಕೊಂಡರು. ಒತ್ತುವರಿಯ ಮಾತಿಗೆ ಏನು ಹೇಳುತ್ತೀರಿ ಎಂದಾಗ ಕೆಡವಿದ ಖೋಲಿಯ ಚಿತ್ರಗಳನ್ನು ಮೇಜಿನ ಮೇಲೆ ಇಟ್ಟು, "ಹನ್ನೊಂದು ಫೂಟು ತಪ್ಪು ಮಾಡಿದ್ವಿ, ತಗದೀವ್ರಿ. ಸಾವಕಾರ್ರು ತಮ್ಮ ಕಲ್ಲು ಯಾವಾಗ ತಗೀತಾರ ಕೇಳ್ರಿ" ಎಂದೆ. ಹಿಂದೆ ಕೂತಿದ್ದ ಬೀರವ್ವ ಚಪ್ಪಾಳೆ ಹೊಡೆದು ಸಿಪಾಯಿಯ ಕೈಲಿ ಬೈಸಿಕೊಂಡಳು.

ಸ್ಥಳಕ್ಕೆ ಬಂದು ಟೇಪು ಹಿಡಿದು ಅಳೆದರು. ಸೆಪ್ಟೆಂಬರ್ ಇಪ್ಪತ್ತನಾಲ್ಕಕ್ಕೆ ಆದೇಶ ಬಂತು: ಉದ್ಯಾನವನಕ್ಕೆ ಮೀಸಲಾದ ಜಾಗದ ಬಳಕೆ ಬದಲಿಸಲು ಬರುವುದಿಲ್ಲ, ಅರ್ಜಿ ತಿರಸ್ಕರಿಸಲಾಗಿದೆ, ರಸ್ತೆ ನಕ್ಷೆಯಲ್ಲಿದ್ದ ಹಾಗೆ ಬಿಡತಕ್ಕದ್ದು. ಅಕ್ಕೋರು ಆದೇಶವನ್ನು ಎರಡು ಸಲ ಓದಿ, ಮೂರನೇ ಸಾಲಿನಲ್ಲಿ ಒಂದು ಒತ್ತಕ್ಷರ ತಪ್ಪಿದೆ ಎಂದು ಪೆನ್ಸಿಲಿನಿಂದ ಗುರುತು ಹಾಕಿದರು. ಆಮೇಲೆ ಒಳಗೆ ಹೋಗಿ ಎಲ್ಲರಿಗೂ ಸಕ್ಕರೆ ಕೊಟ್ಟರು. ಗುರುತುಕಲ್ಲು ಕೀಳಲು ಸಾವಕಾರನ ಆಳುಗಳೇ ಬಂದರು. ಅವನು ಬರಲಿಲ್ಲ. ಮೊನ್ನೆ ಅಪ್ಪ ಬಡಿಗೆ ಹಿಡಿದು ಮೈದಾನದ ತುದಿಯ ತನಕ ನಡೆದು ಬಂದು, ದಾರಿ ಅಗಲ ಇದೆ, ಎರಡು ಚಕ್ಕಡಿ ಎದುರುಬದುರಾಗಿ ಹೋಗಬಹುದು ಎಂದು ವರದಿ ಕೊಟ್ಟ.

ಇನ್ನು ಶಿರಹಟ್ಟಿಯ ಮಾತು. ಅಮೀರಾಳ ಅಪ್ಪ ಯಮನೂರಸಾಬ ಮಾವ ಹೋದ ಶುಕ್ರವಾರ ನಮಾಜು ಮುಗಿಸಿ ನೇರ ಇಲ್ಲಿಗೆ ಬಂದರು. ಹಿತ್ತಲು ನೋಡಿದರು, ಗಡ್ಡ ಸವರಿಕೊಂಡರು. ಖೋಲಿ ತೋರಿಸಿ ಮಾತು ತೆಗೆದುಕೊಂಡವರು ಖೋಲಿಯನ್ನೇ ಕೆಡವಿದರೆ ಹೆಣ್ಣಿನ ಅಪ್ಪ ಏನು ಮಾಡಬೇಕು ಎಂದು ಕೇಳಿದರು. ಅವರ ಪ್ರಶ್ನೆ ಸರಿಯೇ ಇತ್ತು, ಅಪ್ಪ ತಲೆ ತಗ್ಗಿಸಿದ. ನಾನು ಎಲ್ಲವನ್ನೂ ಹೇಳಿದೆ, ನಕ್ಷೆ ತೋರಿಸಿದೆ. ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಊಟ ಮಾಡಿ ಹೋದರು, ಅದರ ಮೇಲೆ ಅವ್ವ ಆಸೆ ಇಟ್ಟಿದ್ದಾಳೆ. ಆದರೆ ಸಂಜೆ ಅಮೀರಾ ತಾನೇ ನನಗೆ ಫೋನು ಮಾಡಿದಳು. ಬೈಯುತ್ತಾಳೆಂದು ಕಾದರೆ ಅವಳು, "ಅಕ್ಕಾ, ಮಾಳಿಗಿ ಮ್ಯಾಲ ಕಟ್ಟಾಕ ಪರವಾನಗಿ ಕೊಡ್ತಾರೇನ್ರಿ? ನಾಕೂ ಕಡೆ ಎಷ್ಟು ಬಿಡಬೇಕು ಕೇಳಿ ಇಟ್ಟಿರ್ರಿ" ಎಂದಳು. ಕೇಳಿ ಇಟ್ಟಿದ್ದೇನೆ. ಕೊಡುತ್ತಾರೆ. ಸುತ್ತ ಬಿಡಬೇಕಾದಷ್ಟು ಬಿಟ್ಟರೂ ಮೇಲೆ ಹಳೆಯದಕ್ಕಿಂತ ದೊಡ್ಡ ಖೋಲಿಯೇ ಬರುತ್ತದೆ, ಗಾಳಿಯೂ ಹೆಚ್ಚು. ಒಳ್ಳೆಯ ಹುಡುಗಿ ಹುಡುಕಿದ್ದೀ ತಮ್ಮಾ. ನಿನ್ನ ಬಗ್ಗೆ ಮಾತಾಡಿದಾಗ ಮಾತ್ರ ಅವಳ ದನಿ ಸಣ್ಣದಾಯಿತು. ಅವಳಿಗೂ ನೀನು ಸರಿಯಾಗಿ ಮಾತಾಡುತ್ತಿಲ್ಲವಂತೆ. ಸಿಟ್ಟು ನನ್ನ ಮೇಲಿದ್ದರೆ ನನ್ನ ಮೇಲೇ ಇರಲಿ, ಅದನ್ನು ಶಿರಹಟ್ಟಿಯ ತನಕ ಹೊತ್ತುಕೊಂಡು ಹೋಗಬೇಡ.

ಅಪ್ಪ ಅವ್ವ ದುವಾ ಹೇಳಿದ್ದಾರೆ. ಬೀರವ್ವ, ಕಂಬ ಹತ್ತುವಾಗ ಕೆಳಗೆ ನೋಡಬೇಡ ಎಂದು ಹೇಳಲು ಹೇಳಿದ್ದಾಳೆ. ಅಕ್ಕೋರು ಆಶೀರ್ವಾದ ಕಳಿಸಿ, ಉತ್ತರ ಬರೆದರೆ ಅಲ್ಪಪ್ರಾಣ ಮಹಾಪ್ರಾಣ ನೋಡಿ ಬರೆಯಲಿ ಎಂದಿದ್ದಾರೆ. ಎತ್ತರದಲ್ಲಿ ಕೆಲಸ ಮಾಡುವ ನಿನ್ನ ಕೈಕಾಲಿಗೆ ದೇವರು ಬಲ ಕೊಡಲಿ, ಹೋದಲ್ಲಿ ನೆಲ ಗಟ್ಟಿಯಿರಲಿ.

ನಿನ್ನ ಅಕ್ಕ,
ಗುಲ್ನಾಜ

ತಾ.ಕ.: ಪೋಸ್ಟು ಮೂರಕ್ಕೆ ಮುಚ್ಚುತ್ತದೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಸಾವಕಾರ ಮೇಲ್ಮನವಿ ಹಾಕಿದ್ದಾನೆ, ಶನಿವಾರ ನೋಟೀಸು ಬಂತು. ಬಂದದ್ದು ನಿನ್ನ ಹೆಸರಿಗೆ, ಒಡೆದು ಓದಿದವಳು ನಾನು. ಮನೆಯ ಮೇಲೆ ಹಕ್ಕೇ ಇಲ್ಲದ ಹೆಂಗಸು ಓಣಿಯನ್ನು ಎಬ್ಬಿಸಿದ್ದಾಳೆ ಎಂಬುದೇ ಅದರ ಮೊದಲ ಸಾಲು. ವಿಚಾರಣೆ ನವೆಂಬರ್ ಇಪ್ಪತ್ತು. ಅದಕ್ಕೆ ಮೂರು ದಿನ ಮೊದಲು, ಹದಿನೇಳರ ಸೋಮವಾರ ಹನ್ನೊಂದು ಗಂಟೆಗೆ, ನೋಂದಣಿ ಕಚೇರಿಯಲ್ಲಿ ನಿನ್ನ ಹೆಸರಿಗೂ ನನ್ನ ಹೆಸರಿಗೂ ಸರದಿ ಹಿಡಿದಿದ್ದೇನೆ. ಅರ್ಧ ಮನೆ ನಿನಗೆ, ಅರ್ಧ ನನಗೆ. ಅಪ್ಪ ಒಪ್ಪಿದ್ದಾನೆ, ಗಂಡುಮಗನೆಂದು ಅವತ್ತು ನಿನ್ನೊಬ್ಬನ ಹೆಸರು ಬರೆಸಿದ್ದು ತಪ್ಪಾಯಿತು ಎಂದು ಅವನೇ ಹೇಳಿದ. ಕರಡು ಕಾಗದ ಇದರ ಜೊತೆಗಿದೆ, ಓದು. ನಾನು ಯಾರು ಎಂದು ಕೇಳಿದೆಯಲ್ಲ, ಅದನ್ನು ಉತಾರದಲ್ಲಿ ಬರೆಸೋಣ ಬಾ. ನೀನು ಬರದಿದ್ದರೂ ಇಪ್ಪತ್ತಕ್ಕೆ ನಾನು ಹೋಗುತ್ತೇನೆ.